ಸಾಕಮ್ಮನ ಬೇಸ್ ಪೆಟ್ಟಿಗೆಯೂ ಹೊಂಬಾಳನ ರಿಪೇರಿಯೂ

ಹೂಂಗುಟ್ಟೋರು ಮುಂದೆ ಬನ್ನಿ, ಆಕಳಿಸೋರು ಮನೆಗೆ ನಡೀರಿ. ಅರ್ಧಕ್ಕೆ ಎದ್ದು ಹೋಗೋರಿಗೆ ನಾನು ಕತೆ ಹೇಳೋಳಲ್ಲ. ನಗೋದಾದ್ರೆ ನಗಿ, ಆದ್ರೆ ಆ ತಾಯಿ ಹೊಟ್ಟೆ ಉರೀನೂ ಒಂಚೂರು ನೆನೆಸ್ಕೊಂಡು ನಗಿ.

ಹಲಗೂರಲ್ಲಿ ಸಾಕಮ್ಮ ಅಂತ ಒಬ್ಬಳಿದ್ದಳು. ಗಂಡ ಕಣ್ಮುಚ್ಚಿದಾಗ ಅವಳಿಗೆ ಉಳಿದದ್ದು ಎರಡೇ. ಒಂದು, ಅವನು ನುಡಿಸ್ತಿದ್ದ ಬೇಸ್ ಗಿಟಾರು, ಅದರ ಜೊತೆಗೆ ಅಲಮಾರಿಯಂಥ ಸ್ಪೀಕರ್ ಪೆಟ್ಟಿಗೆ. ಇನ್ನೊಂದು, ಹೊಂಬಾಳ ಅನ್ನೋ ಮಗ. ಗಿಟಾರು ಅವಳು ಹೇಳಿದ ಮಾತು ಕೇಳ್ತಿತ್ತು. ಮಗನೂ ಕೇಳ್ತಿದ್ದ. ಬಂದಿದ್ದ ತೊಂದರೆನೇ ಅದು! ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಿದ್ದ, ಒಂದು ಕೂದಲೆಳೆ ಆಚೆಗಿಲ್ಲ, ಈಚೆಗಿಲ್ಲ. "ಒಲೆ ಮೇಲೆ ಹಾಲೈತೆ, ನೋಡ್ತಿರು" ಅಂದ್ರೆ, ಹಾಲು ಉಕ್ಕಿ ಕಟ್ಟೆಯಿಂದ ಇಳಿದು ಹೊಸಲು ದಾಟೋವರೆಗೂ ನೋಡ್ತಾನೇ ನಿಂತಿದ್ದ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಸಾಕಮ್ಮನಿಗೆ ಆ ಮುದ್ದೂ ದಿನಾ ಬರ್ತಿರಲಿಲ್ಲ.

ಸಾಕಮ್ಮ ಸಂಪಿಗೆ ಮೆಲೋಡೀಸ್ ಅನ್ನೋ ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸ್ತಿದ್ದಳು. ಗಣಪತಿ ಪೆಂಡಾಲಿರಲಿ, ಮದುವೆ ರಿಸೆಪ್ಶನ್ ಇರಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ತಂತಿ ಮೀಟಿದಳು ಅಂದ್ರೆ ಮುಂದಿನ ಸಾಲಲ್ಲಿ ಕೂತೋರ ಎದೆ ಗುಂ ಅಂತಿತ್ತು. ಅಂಥ ಪೆಟ್ಟಿಗೆ ಒಂದಿನ ಪ್ರಾಕ್ಟೀಸಲ್ಲಿ ಗುಂ ಅನ್ನೋ ಬದಲು ಗೊರ ಗೊರ ಗೊರ ಅಂತು.

ಆರ್ಕೆಸ್ಟ್ರಾ ಯಜಮಾನ ಚೆಲುವರಾಜು ಕಾಯ್ತಿದ್ದೋನ ಹಾಗೆ ಓಡಿ ಬಂದ.

"ಸಾಕಮ್ಮೋರೆ, ನಿಮ್ಮ ಪೆಟ್ಟಿಗೆ ಕಾಲ ಮುಗೀತು!"

"ಏನೂ ಮುಗಿದಿಲ್ಲ ಚೆಲುವರಾಜಣ್ಣ. ಒಳಗಿರೋ ಸ್ಪೀಕರಿನ ಕಾಗದ ಹರಿದೈತೆ, ಅಷ್ಟೇಯ. ರಿಪೇರಿ ಮಾಡಿಸ್ತೀನಿ."

"ನಾಡಿದ್ದು ಸಾಯಂಕಾಲ ಆಟೋ ಸ್ಟ್ಯಾಂಡಲ್ಲಿ ರಾಜ್ಯೋತ್ಸವದ ಕಾರ್ಯಕ್ರಮ. ಅಷ್ಟರಲ್ಲಿ ಆದ್ರೆ ಬನ್ನಿ. ಆಗಲಿಲ್ವಾ, ಮನೇಲಿ ಆರಾಮಾಗಿರಿ. ನಮ್ಮ ತೇಜು ಎಡಗೈಲೇ ಬೇಸ್ ಬಾರಿಸ್ತಾನೆ. ಒಂದ್ಸಲ ಜನಕ್ಕೆ ಒಗ್ಗಿಹೋದ್ರೆ ಆಮೇಲೂ ಹಂಗೇ ನಡ್ಕೊಂಡು ಹೋಗ್ತದೆ."

ತೇಜು ಯಾರು ಅಂತೀರಾ? ಚೆಲುವರಾಜುವಿನ ಅಕ್ಕನ ಮಗ. ತಲೆಗೆ ಕೆಂಪು ಬಣ್ಣ, ಮುಂದೆ ಕೀಬೋರ್ಡು. ಬಲಗೈಲಿ ಹಾಡಿನ ರಾಗ, ಎಡಗೈಲಿ ಎಡತುದಿಯ ಕೀಗಳನ್ನ ಒತ್ತಿ ಗೊಂಯ್ ಗೊಂಯ್ ಅಂತ ಬೇಸು. ಮಾವನೇ ಯಜಮಾನ ಅಂದ ಮೇಲೆ ಕೇಳೋರ್ಯಾರು?

ಸಾಕಮ್ಮನ ಮೈಯೆಲ್ಲ ಉರಿದು ಹೋಯ್ತು. ದಾರಿಯುದ್ದಕ್ಕೂ ಬೈಕೊಂಡೇ ಬಂದಳು. "ಎಡಗೈಯಂತೆ! ನಾನು ಎರಡು ಕೈಲಿ, ಬೆರಳಿಗೆ ಬೊಬ್ಬೆ ಬರಿಸ್ಕೊಂಡು ಕಲ್ತ ವಿದ್ಯೇನ ಅವನ ಎಡಗೈ ಮಾಡ್ತದಂತೆ! ಅದೂ ಉಣ್ಣೋಕೂ ಬಾರದ ಕೈ!"

ಬೆಳಗಾಗುತ್ಲೇ ಮಗನ್ನ ಕರೆದಳು. ತಾನೇ ಹೋಗೋಣ ಅಂದ್ರೆ ಪ್ರಾಕ್ಟೀಸ್ ಇತ್ತು. ಪ್ರಾಕ್ಟೀಸ್ ತಪ್ಪಿಸಿದ್ರೆ ಅವಳ ಜಾಗದಲ್ಲಿ ಆ ಎಡಗೈ ಕೂತೇಬಿಡ್ತಿತ್ತು.

"ಬಾರ್ಲಾ ಹೊಂಬಾಳ. ಪೆಟ್ಟಿಗೆ ಕೆಟ್ಟೈತೆ. ಮಳವಳ್ಳಿ ಇನಾಯತ್ ಸಾಬರ ಅಂಗಡಿಗೆ ತಗೊಂಡೋಗಿ ರಿಪೇರಿ ಮಾಡಿಸ್ಕೊಂಡು ಬಾ. ಬಸ್ಸಲ್ಲಿ ಹೋಗು."

"ಆಗ್ಲಿ ಕಣವ್ವ!" ಅಂದ ಹೊಂಬಾಳ. ಪೆಟ್ಟಿಗೇನ ಎತ್ತಿ ತಲೆ ಮೇಲಿಟ್ಕೊಂಡ. ಅವನ ಬುದ್ಧಿ ತೆಳುವಾಗಿತ್ತೇ ಹೊರತು ಕತ್ತು ತೆಳುವಾಗಿರಲಿಲ್ಲ. ಬಸ್ಸು ಬಂತು. ಪೆಟ್ಟಿಗೇನ ಬಾಗಿಲಿಗೆ ನೂಕಿದ. ಅರ್ಧ ಹೋಯ್ತು, ಅರ್ಧ ನಿಂತಿತು. ಒಳಗಿದ್ದೋರು ಇಳಿಯೋ ಹಾಗಿಲ್ಲ, ಹೊರಗಿದ್ದೋರು ಹತ್ತೋ ಹಾಗಿಲ್ಲ. ಕಂಡಕ್ಟರು ಒಳಗಿಂದ ಬಾಯಿ ಬಡ್ಕೊಂಡ.

"ಲೇಯ್, ತೆಗಿಯಲೇ ಇದನ್ನ! ಲಗೇಜ್ ಆಟೋ ಮಾಡ್ಕೊಂಡು ಹೋಗು!"

"ಬಸ್ಸಲ್ಲೇ ಹೋಗು ಅಂದವ್ಳೆ ನಮ್ಮವ್ವ!"

"ನಿಮ್ಮವ್ವ ಬಂದ್ರೂ ಬಸ್ಸು ಹೊರಡಲ್ಲ ಕಣಲೇ!"

ಆಚೆಯಿಂದ ಹತ್ತು ಜನ ಎಳೆದು, ಈಚೆಯಿಂದ ಹತ್ತು ಜನ ತಳ್ಳಿ ಪೆಟ್ಟಿಗೆ ಕಿತ್ತರು. ಹೊಂಬಾಳ ಮತ್ತೆ ತಲೆ ಮೇಲೆ ಹೊತ್ಕೊಂಡು ಮನೆಗೆ ಬಂದ. ಪ್ರಾಕ್ಟೀಸಿಗೆ ಹೊರಟು ನಿಂತಿದ್ದ ಸಾಕಮ್ಮ ಹಣೆ ಚಚ್ಕೊಂಡಳು.

"ನಿನ್ನ ಮನೆ ಹಾಳಾಗ! ಅಯ್ಯೋ, ನಿನ್ನ ಮನೆ ಯಾವುದು, ನಂದೇಯ! ಲೋ ಪೆದ್ದ್ ಮುಂಡೇದೇ, ಇಡೀ ಪೆಟ್ಟಿಗೆ ಹೊತ್ಕೊಂಡು ಹೋಗ್ತಾರೇನ್ಲಾ? ಕೆಟ್ಟಿರೋದು ಎಷ್ಟೋ ಅಷ್ಟನ್ನ ಬಿಡಿಸ್ಕೊಂಡು, ಅದೊಂದನ್ನೇ ತಗೊಂಡೋಗ್ಬೇಕು. ಚೆನ್ನಾಗಿರೋದು ಮನೇಲಿರಬೇಕು!"

"ಇನ್ಮೇಲೆ ಹಂಗೇ ಮಾಡ್ತೀನಿ ಬುಡವ್ವ."

ಸಾಕಮ್ಮ ತಾನೇ ತಿರುಪುಳಿ ಹಿಡಿದು ಕೂತಳು. ಪೆಟ್ಟಿಗೆ ಮುಂದಿನ ಜಾಲರಿ ತೆಗೆದು, ಒಳಗಿನ ಸ್ಪೀಕರಿನ ತಿರುಪು ಒಂದೊಂದಾಗಿ ಬಿಚ್ಚತೊಡಗಿದಳು. ತಿರುಪುಗಳು ತುಕ್ಕು ಹಿಡಿದು ಕೂತಿದ್ವು. ಅಷ್ಟರಲ್ಲಿ ನೆನಪಾಯ್ತು, ಸ್ಟೇಜಿಗೆ ಉಡೋ ಹಸಿರು ರೇಷ್ಮೆ ಸೀರೆಗೆ ಇಲಿ ಬಾಯಿ ಹಾಕಿತ್ತು, ನೆರಿಗೆ ಹತ್ರ ಬೆರಳು ತೂರೋಷ್ಟು ತೂತು.

"ಲೋ, ನಾನು ಇದನ್ನ ಬಿಚ್ಚೋವಷ್ಟರಲ್ಲಿ ನೀನು ಹೋಗಿ ಬಾ. ಟ್ರಂಕಲ್ಲಿ ಹಸಿರು ಸೀರೆ ಐತೆ. ಸಂತೆ ಬೀದಿ ಟೈಲರ್ ಮಾದಪ್ಪಂಗೆ ಕೊಟ್ಟು ತೂತಿಗೆ ರಫೂ ಹೊಲಿಸ್ಕೊಂಡು ಬಾ."

ಹೊಂಬಾಳ ಸೀರೆ ಬಿಡಿಸಿ ನೋಡಿದ. ಎಷ್ಟುದ್ದ ಸೀರೆ! ಕೆಟ್ಟಿರೋದೆಷ್ಟು? ಬೆರಳಷ್ಟು! ಇಡೀ ಸೀರೆ ಹೊತ್ಕೊಂಡು ಹೋದ್ರೆ ಅವ್ವ ಬಿಟ್ಟಾಳಾ? ಕತ್ತರಿ ತಂದ. ತೂತಿನ ಸುತ್ತ ಒಂದು ಹೋಳಿಗೆ ಅಗಲಕ್ಕೆ ಕಚಕ್ ಕಚಕ್ ಅಂತ ಕತ್ತರಿಸ್ಕೊಂಡ. ಮಿಕ್ಕಿದ್ದನ್ನ ಮಡಿಸಿ ಟ್ರಂಕಲ್ಲಿಟ್ಟ. ಹೋಳಿಗೆಯಷ್ಟು ರೇಷ್ಮೆ ಹಿಡ್ಕೊಂಡು ಓಡಿದ.

ಮಾದಪ್ಪ ಕನ್ನಡಕ ಮೇಲೆ ಮಾಡಿ ನೋಡಿದ, ಕೆಳಗೆ ಮಾಡಿ ನೋಡಿದ. "ಇದೇನಪ್ಪ, ಕರ್ಚೀಫಾ?"

"ಸೀರೆ ಕಣಣ್ಣ. ಚೆನ್ನಾಗಿರೋದು ಮನೇಲೈತೆ!"

ಆ ಸುದ್ದಿ ಅವನಿಗಿಂತ ಮೊದಲೇ ಮನೆ ಮುಟ್ಟಿತು. ಸಾಕಮ್ಮ ಟ್ರಂಕು ತೆಗೆದು, ಸೀರೆ ಹರಡಿ, ಅದರ ತೂತಿನೊಳಗಿಂದ ಮಗನ ಮುಖ ನೋಡಿ ಕೂಗಿದಳು.

"ಅಯ್ಯಯ್ಯೋ! ಇಲಿ ಎಷ್ಟೋ ವಾಸಿ ಕಣ್ಲಾ, ಅದಕ್ಕೆ ಮರ್ಯಾದೆ ಇತ್ತು, ಬೆರಳಷ್ಟು ತಿಂದು ಬಿಡ್ತು! ಹರಿದಿದ್ದನ್ನ ಕತ್ತರಿಸ್ತಾರೇನ್ಲಾ?"

"ಕೆಟ್ಟಿರೋದೊಂದನ್ನೇ ತಗೊಂಡೋಗು ಅಂತ ನೀನೇ ಅಂದ್ಯಲ್ಲವ್ವ."

"ಹರಿದಿರೋದನ್ನ ಮೆತ್ತಗೆ ಮಡಿಸ್ಬೇಕು, ಒಂದು ಬಟ್ಟೇಲಿ ಸುತ್ಬೇಕು, ಕಂಕುಳಲ್ಲಿ ಭದ್ರವಾಗಿ ಅವುಚ್ಕೊಂಡು ಹೋಗ್ಬೇಕು! ತಿಳೀತಾ?"

"ತಿಳೀತು. ಇನ್ಮೇಲೆ ಹಂಗೇ ಮಾಡ್ತೀನಿ ಬುಡವ್ವ."

ಕೋಣನ ಮುಂದೆ ಕಿನ್ನರಿ ಬಾರಿಸಿದಂಗೆ! ಕೋಣ ಆದ್ರೂ ಕಿವಿ ಅಲ್ಲಾಡಿಸಿ ಸುಮ್ಮನಾಗ್ತದೆ. ಇವನು ಸುಮ್ಮನಾಗ್ತಿರಲಿಲ್ಲ, ಅದೇ ಕಷ್ಟ.

ಅಷ್ಟು ಹೊತ್ತಿಗೆ ಸ್ಪೀಕರು ಪೆಟ್ಟಿಗೆಯಿಂದ ಈಚೆ ಬಂದಿತ್ತು. ದೊಡ್ಡ ಬಾಂಡ್ಲಿಯಂಥದ್ದು. ಹಿಂದೆ ಕಬ್ಬಿಣದ ಮ್ಯಾಗ್ನೆಟ್ಟು, ಮುಂದೆ ಕಪ್ಪು ಕಾಗದದ ಕೋನು. ಕೋನಿನ ಅಂಚಲ್ಲಿ ಉಗುರುದ್ದ ಹರಿದಿತ್ತು. ಸಾಕಮ್ಮ ಬೆರಳುಗಳನ್ನ ಕೋನಿನ ಸುತ್ತ ಸಮವಾಗಿಟ್ಟು ಮೆತ್ತಗೆ ಒತ್ತಿ, ಕಿವಿ ಕೊಟ್ಟು ಕೇಳಿದಳು. ಒಳಗಿನ ತಾಮ್ರದ ಸುರುಳಿ ಎಲ್ಲೂ ಉಜ್ಜುತ್ತಿರಲಿಲ್ಲ. ಸದ್ಯ, ಜೀವ ಇತ್ತು! ಹರಿದದ್ದು ಮೆತ್ತಿಸಿದ್ರೆ ಆಯ್ತು.

"ತಗೊಂಡೋಗು, ಇನಾಯತ್ ಸಾಬರಿಗೆ ಕೊಡು. ಜೋಪಾನ ಕಣಪ್ಪ. ಇದು ಹೋದ್ರೆ ನಿಮ್ಮವ್ವ ಸ್ಟೇಜಿಂದ ಇಳಿದ ಹಾಗೇ" ಅಂತ ಹೇಳಿ ಪ್ರಾಕ್ಟೀಸಿಗೆ ಓಡಿದಳು.

ಜೋಪಾನ ಅಂದಳಲ್ಲ! ಹೊಂಬಾಳ ಒಬ್ಬನೇ ಕೂತು ಯೋಚನೆ ಮಾಡಿದ. ಹರಿದಿದೆಯಾ? ಹರಿದಿದೆ. ಹಾಗಾದ್ರೆ ಮಡಿಸ್ಬೇಕು. ಕಬ್ಬಿಣ ಮಡಿಸೋಕೆ ಬರಲಿಲ್ಲ. ಕಾಗದ ಬಂತು! ಒಂದು ಮಡಿಕೆ ಮಾಡಿದ, ಚರಕ್ ಅಂತು. ಇನ್ನೊಂದು ಮಡಿಕೆ ಮಾಡಿದ, ಪರಕ್ ಅಂತು. ಮೆತ್ತಗೆ, ಬಲು ಮೆತ್ತಗೆ, ಅವ್ವ ಹೇಳಿದ ಹಾಗೇ ಮಡಿಸಿದ. ಟವಲಲ್ಲಿ ಸುತ್ತಿದ. ಕಂಕುಳಲ್ಲಿ ಅವುಚ್ಕೊಂಡು ಬಸ್ ಹತ್ತಿದ.

ಇನಾಯತ್ ಸಾಬರು ಮಳವಳ್ಳಿಯಲ್ಲಿ ಸ್ಪೀಕರಿಗೆ ಕೋನು ಹಾಕೋರು. ಸಾಕಮ್ಮನ ಗಂಡನ ಕಾಲದಿಂದಲೂ ಆ ಪೆಟ್ಟಿಗೆ ಬಲ್ಲೋರು. ಟವಲು ಬಿಚ್ಚಿ ನೋಡಿ ಎದ್ದು ನಿಂತರು.

"ಯಾ ಅಲ್ಲಾ! ಸ್ಪೀಕರ್ ಮೇಲೆ ಎಮ್ಮೆ ಮಲಗಿತ್ತಾ?"

ಕೂಡಲೇ ಸಾಕಮ್ಮನಿಗೆ ಫೋನ್ ಹಚ್ಚಿದರು. "ಅಕ್ಕಾ, ಅಂಚು ಹರಿದಿದೆ ಅಂತಾನೆ ನಿಮ್ಮ ಮಗ. ಇಲ್ಲಿ ಅಂಚು ಬಿಟ್ಟು ಏನೂ ಇಲ್ಲ! ಗಾಬರಿ ಆಗಬೇಡಿ, ಸುರುಳಿ ಚೆನ್ನಾಗಿದೆ. ಹೊಸ ಕೋನ್ ಹಾಕಿ ಒಣಗಿಸ್ತೀನಿ, ನಾಳೆ ಮಧ್ಯಾಹ್ನ ತಗೊಂಡು ಹೋಗಲಿ. ಆದ್ರೆ ಈ ಅಳತೇದು ನನ್ನ ಹತ್ರ ಇರೋದು ಇದೊಂದೇ. ಇದೂ ಹೋದ್ರೆ ನಾನು ಏನೂ ಮಾಡೋಕಾಗಲ್ಲ ಅಕ್ಕಾ."

ಸಾಕಮ್ಮ ಫೋನಿಟ್ಟು ತಿರುಗಿ ನೋಡ್ತಾಳೆ, ತೇಜು ಅವಳ ಜಾಗದಲ್ಲಿ ಕೀಬೋರ್ಡು ಸರಿಸ್ಕೊಂಡು ಎಡಗೈ ಬೆರಳು ನೆಟಿಗೆ ಮುರೀತಿದ್ದಾನೆ! ಲಟ್ ಲಟ್ ಲಟ್. ಆ ಸದ್ದಿಗೆ ಅವಳ ಹೊಟ್ಟೆಯೊಳಗೆ ಬೆಂಕಿ ಬಿತ್ತು. ಆ ಬೆಂಕಿಯೆಲ್ಲ ಸಾಯಂಕಾಲ ಮಗನ ಮೇಲೆ ಬಿತ್ತು.

"ಬೇಕೂಫ! ಕಾಗದದ ಕೋನನ್ನ ಮಡಿಸ್ತಾರೇನ್ಲಾ? ಅದೇನು ಮಡಿಸಿ ಬಾಯಿಗಿಡೋ ಎಲೆ ಅಡಿಕೆನಾ?"

"ಮಡಿಸಿ, ಸುತ್ತಿ, ಕಂಕುಳಲ್ಲಿ ಅವುಚ್ಕೋ ಅಂತ ನೀನೇ ಅಂದ್ಯಲ್ಲವ್ವ."

"ಅದು ಸೀರೆಗೆ! ಕೇಳು. ನಾಳೆ ಹೊಸ ಕೋನು ಬತ್ತದೆ. ಊರಿಗೆಲ್ಲ ಅದೊಂದೇ ಇರೋದು. ಎರಡೂ ಕೈಲಿ ಹಿಡ್ಕೋಬೇಕು. ಬಾಯಿ ಮೇಲಕ್ಕಿರಬೇಕು. ದೇವಸ್ಥಾನದಲ್ಲಿ ಅಯ್ನೋರು ಮಂಗಳಾರತಿ ತಟ್ಟೆ ಹಿಡ್ಕೊಂಡು ಬರಲ್ವಾ? ಹಂಗೆ ಭಯ ಭಕ್ತಿಯಿಂದ ಹಿಡ್ಕೊಂಡು ಬರಬೇಕು!"

"ಮಂಗಳಾರತಿ ತಟ್ಟೆ ಹಂಗೆ. ಆಗ್ಲಿ ಕಣವ್ವ!"

ಹೇಳಬಾರದಿತ್ತು. ಸಾಕಮ್ಮಾ, ಅದೊಂದು ಮಾತು ನೀನು ಹೇಳಲೇಬಾರದಿತ್ತು!

ಮಾರನೇ ದಿನ ಮಧ್ಯಾಹ್ನ ಇನಾಯತ್ ಸಾಬರು ಮಿರ ಮಿರ ಮಿಂಚೋ ಹೊಸ ಕೋನಿನ ಸ್ಪೀಕರನ್ನ ಅವನ ಕೈಗಿಟ್ಟು, ಬಾಗಿಲವರೆಗೂ ಬಂದು ಕಳಿಸಿದರು. ಹೊಂಬಾಳ ಎರಡೂ ಕೈಲಿ ಎದೆ ಮಟ್ಟಕ್ಕೆ ಹಿಡಿದು, ಕಣ್ಣು ಅರ್ಧ ಮುಚ್ಚಿ, ಮೆಲ್ಲಗೆ ಬಸ್ ಹತ್ತಿದ. ಅಯ್ನೋರು ಏನು ಮಾಡ್ತಾರೆ? ಒಬ್ಬೊಬ್ಬರ ಮುಂದೂ ತಟ್ಟೆ ಹಿಡೀತಾರೆ. ಇವನೂ ಸೀಟು ಸೀಟಿಗೂ ಹೋಗಿ ಹಿಡಿದ. ಯಾವ ದೇವರೋ, ಯಾವ ಊರಿಂದೋ, ಕಪ್ಪಗೆ ಲಿಂಗದ ಪೀಠದ ಹಾಗಿದೆ ಅಂತ ಜನ ಎದ್ದು ನಿಂತು ಕೈ ಮುಗಿದು ಚಿಲ್ಲರೆ ಹಾಕಿದರು. ಒಬ್ಬಮ್ಮ ಕುಂಕುಮ ಹಾಕಿದಳು, ಇನ್ನೊಬ್ಬಮ್ಮ ಮುಡಿದಿದ್ದ ಹೂ ತೆಗೆದು ಹಾಕಿದಳು. ಕಂಡಕ್ಟರು ಟಿಕೇಟು ಕೇಳಲಿಲ್ಲ. "ಒಳ್ಳೇದು ಮಾಡಪ್ಪ" ಅಂತ ತಾನೂ ಒಂದು ನಾಣ್ಯ ಹಾಕಿದ.

ಹಲಗೂರಲ್ಲಿ ಇಳಿದ ಮೇಲೆ ಹೊಂಬಾಳನಿಗೆ ಹೊಳೀತು. ಮಂಗಳಾರತಿ ಅಂದ ಮೇಲೆ ಕರ್ಪೂರ ಬೇಡ್ವಾ! ಪೂಜೆ ಸಾಮಾನು ಮಾರೋ ಗ್ರಂದಿಗೆ ಅಂಗಡೀಲಿ ಒಂದು ಬಿಲ್ಲೆ ಇಸ್ಕೊಂಡ. ಕೋನಿನ ಮಧ್ಯಕ್ಕಿಟ್ಟು ಹಚ್ಚೇ ಬಿಟ್ಟ.

ಮನೇಲಿ ಸಾಕಮ್ಮ ಗಂಟೆ ಸದ್ದು ಕೇಳಿ ಈಚೆ ಬಂದಳು. ನೋಡ್ತಾಳೆ, ಬೀದಿ ತುಂಬ ಜನ! ಚಪ್ಪಲಿ ಕೈಲಿ ಹಿಡ್ಕೊಂಡು ಆಟೋದೋರು, ಗಂಟೆ ಬಾರಿಸ್ಕೊಂಡು ಗ್ರಂದಿಗೆ ಅಂಗಡಿ ಯಜಮಾನ, ಮುಂದೆ ತನ್ನ ಮಗ. ಮಗನ ಕೈಲಿ ಸ್ಪೀಕರು, ಸ್ಪೀಕರಿನ ನಡುವೆ ಧಗ ಧಗ ಉರಿ.

"ತಗೋ ಅವ್ವ, ಕಣ್ಣಿಗೊತ್ಕೋ!"

"ಅಯ್ಯೋ ನನ್ನ ಕೋನು!" ಅಂತ ಚೀರಿ ಸಾಕಮ್ಮ ಸೆರಗಲ್ಲಿ ಬಡಿದು ಬಡಿದು ಆರಿಸಿದಳು. ಜನ ತಿರುಗಿ ಇವಳನ್ನೇ ಬೈದ್ರು, ಆರತಿ ಆರಿಸ್ತಾಳೆ, ಇವಳಿಗೆ ಒಳ್ಳೇದಾಗ್ತದಾ ಅಂತ! ಹೇಗಿದೆ ನೋಡಿ ನ್ಯಾಯ!

ಬಾಗಿಲು ಹಾಕ್ಕೊಂಡು ನೋಡಿದಳು. ಚಿಲ್ಲರೆ ಕೊಡವಿದಳು, ಕುಂಕುಮ ಊದಿದಳು. ಕೋನಿನಲ್ಲಿ ಒಂದು ರೂಪಾಯಿ ಅಗಲದ ತೂತು. ಬೆರಳಿಟ್ಟು ಒತ್ತಿದಳು, ಸುರುಳಿ ಉಜ್ಜುತ್ತಿರಲಿಲ್ಲ. ಟಾರ್ಚಿನ ಸೆಲ್ಲಿಗೆ ವೈರ್ ಹಿಡಿದು ತಾಗಿಸಿದಳು. ಕೋನು ಟಪ್ ಅಂತ ಮುಂದಕ್ಕೆ ಜಿಗೀತು. ಇನ್ನೂ ಬದುಕಿತ್ತು! ಸಾಕಮ್ಮನ ಕಣ್ಣಲ್ಲಿ ನೀರು, ಬಾಯಲ್ಲಿ ಬೈಗುಳ, ಎರಡೂ ಒಟ್ಟಿಗೇ ಬಂದ್ವು.

"ಕಾಗದದ ಮೇಲೆ ಕರ್ಪೂರ ಹಚ್ಚೋನೇ! ಇನ್ನು ನೀನು ಏನೂ ಹಚ್ಚಬೇಡ, ಏನೂ ಹೊರಬೇಡ, ಏನೂ ಮಡಿಸಬೇಡ! ಇಲ್ಲಿ ನೋಡು, ಕೆಟ್ಟ ಜಾಗಕ್ಕೆ ಏನು ಮಾಡಬೇಕು ಅಂತ. ಬಿಳೀ ಗಮ್ಮು ಹಾಕ್ಬೇಕು. ಅಂಗೈಲಿ ಮೆಲ್ಲಗೆ ಒತ್ತಿ ಹಿಡೀಬೇಕು. ಒಣಗೋಗಂಟ ಯಾರು ಏನೇ ಅಂದ್ರೂ ಕೈ ಬಿಡಬಾರದು. ಅಷ್ಟೇ! ಬೇರೆ ಬುದ್ಧಿ ನಿನಗೆ ಬೇಡ!"

ತೆಳ್ಳನೆ ಕಾಗದದ ತುಂಡು ಇಟ್ಟು, ಗಮ್ಮು ಸವರಿ, ಮಗನ ಅಂಗೈ ಅದರ ಮೇಲಿರಿಸಿದಳು. ಹೊಂಬಾಳ ಉಸಿರು ಬಿಗಿ ಹಿಡಿದು ಕೂತ. ಸೊಳ್ಳೆ ಕಚ್ಚಿದ್ರೂ ಅಲ್ಲಾಡಲಿಲ್ಲ. ತೇಪೆ ಹಿಡೀತು. ಫ್ಯಾನ್ ಗಾಳಿಗೆ ಒಣಗಿಸಿ, ಸ್ಪೀಕರು ಪೆಟ್ಟಿಗೆಗೆ ಕೂರಿಸಿ, ಸೀರೆಯ ಹೋಳಿಗೆ ತೂತನ್ನ ನೆರಿಗೆಯೊಳಗೆ ಮುಚ್ಚಿಟ್ಟು ಉಟ್ಕೊಂಡು, ಸಾಕಮ್ಮ ಆಟೋ ಸ್ಟ್ಯಾಂಡಿಗೆ ಹೊರಟಳು. ತೇಪೆ ಎಲ್ಲಾದ್ರೂ ಬಿಚ್ಚಿದ್ರೆ ಹಾಡಿನ ನಡುವೆ ಮೆತ್ತೋಕೆ ಅಂತ ಗಮ್ಮಿನ ಡಬ್ಬಿ ಹೊಂಬಾಳನ ಕೈಲಿ ಕೊಟ್ಟು ಪೆಟ್ಟಿಗೆ ಪಕ್ಕ ನಿಲ್ಲಿಸಿದಳು.

ಕೆಂಪು ಹಳದಿ ಬಾವುಟ, ಸೀರಿಯಲ್ ಲೈಟು, ಸಾಲಾಗಿ ಹೂ ಕಟ್ಟಿದ ಆಟೋಗಳು. ಮೊದಲನೇ ಹಾಡು ಶುರುವಾಯ್ತು. ಸಾಕಮ್ಮ ದೇವರ ನೆನೆದು ತಂತಿ ಮೀಟಿದಳು. ಗುಂ! ಗುಂ! ಗುಂ! ಗೊರಗುಟ್ಟಲಿಲ್ಲ, ಕೆಮ್ಮಲಿಲ್ಲ. ಆಟೋದ ಗಾಜುಗಳೆಲ್ಲ ಝುಂ ಅಂದ್ವು. ಜನ ಶಿಳ್ಳೆ ಹೊಡೆದರು.

ಚೆಲುವರಾಜುವಿನ ಮುಖ ಹುಳ್ಳಗಾಯ್ತು. ಅಕ್ಕನ ಮಗನಿಗೆ ಕಣ್ಣು ಹೊಡೆದ. ಎರಡನೇ ಹಾಡಿಗೆ ತೇಜು ಎಡಗೈನೂ ಇಳಿಸಿದ. ಸಾಕಮ್ಮ ಗುಂ ಅಂದ್ರೆ ಅವನು ಗೊಂಯ್. ಅವಳು ತಾಳಕ್ಕೆ, ಅವನು ತಾಳ ದಾಟಿದ ಮೇಲೆ. ಎರಡು ಬೇಸು ಒಂದರ ಮೇಲೊಂದು ಬಿದ್ದು ಸ್ಟೇಜೆಲ್ಲ ಗೊರ ಗೊರ ಅಂತು.

ಚೆಲುವರಾಜು ಅವಳ ಕಿವಿ ಹತ್ರ ಬಂದ. "ಕೇಳಿಸ್ತಾ ಸಾಕಮ್ಮೋರೆ? ನಿಮ್ಮ ಪೆಟ್ಟಿಗೆ ಮತ್ತೆ ಶುರು ಮಾಡ್ತು. ಈ ಹಾಡು ಮುಗೀಲಿ, ವೈರ್ ಕೀಳಿಸ್ತೀನಿ. ನೀವು ಕೆಳಗಿಳೀರಿ."

ಅನ್ಯಾಯ ಅಂದ್ರೆ ಇದು! ಹಗಲು ದರೋಡೆ ಅಂದ್ರೆ ಇದು! ಎದುರಿಗೆ ಊರೇ ಕೂತಿದೆ, ಅವಳ ಕೈ ತಂತಿ ಮೇಲಿದೆ, ಬಾಯಿ ಬಿಟ್ಟು ಕೂಗೋ ಹಾಗಿಲ್ಲ. ಹತ್ರ ಇದ್ದೋನು ಮಗ ಒಬ್ಬನೇ. ಸಾಕಮ್ಮ ಹಲ್ಲು ಕಡಿದು ಅವನ ಮೇಲೇ ಹರಿಹಾಯ್ದಳು.

"ನೋಡ್ಲಾ ಹೊಂಬಾಳ, ನೋಡು ಇವರ ಮೋಸಾನ! ಕುಣಿಯಲಾರದೋಳು ನೆಲ ಡೊಂಕು ಅಂದ್ಳಂತೆ! ಕೆಟ್ಟಿರೋದು ನನ್ನ ಸ್ಪೀಕರಲ್ಲ ಕಣ್ಲಾ! ಕೆಟ್ಟಿರೋದು ಆ ಎಡಗೈ!"

ಹೊಂಬಾಳ ಎಡಗೈ ನೋಡಿದ. ಕೆಂಪುಗೂದಲಿನೋನ ಎಡಗೈ. ಅದು ಕೆಟ್ಟಿದೆಯಾ? ಅವ್ವ ಹೇಳಿದ ಮೇಲೆ ಕೆಟ್ಟಿದೆ. ಕೆಟ್ಟ ಜಾಗಕ್ಕೆ ಏನು ಮಾಡಬೇಕು? ಬಿಳೀ ಗಮ್ಮು ಹಾಕ್ಬೇಕು!

ಡಬ್ಬಿ ಮುಚ್ಚಳ ತೆಗೆದ. ಅಂಗೈ ತುಂಬ ಬಳಬಳ ಅಂತ ಸುರ್ಕೊಂಡ. ನೆಟ್ಟಗೆ ಕೀಬೋರ್ಡ್ ಹತ್ರ ಹೋಗಿ, ಬಾರಿಸ್ತಿದ್ದ ಎಡಗೈಯನ್ನ ಎತ್ತಿ, ತನ್ನ ಅಂಗೈಗೆ ಅಂಟಿಸ್ಕೊಂಡು, ಇನ್ನೊಂದು ಕೈ ಮೇಲಿಟ್ಟು ಮೆಲ್ಲಗೆ ಒತ್ತಿ ಹಿಡ್ಕೊಂಡು ನಿಂತ.

"ಏಯ್! ಏನ್ ಮಾಡ್ತಿದ್ದೀಯೋ? ಬಿಡೋ! ಮಾವಾ, ಮಾವಾ!"

"ಅಲ್ಲಾಡಬ್ಯಾಡ ಕಣಣ್ಣ. ಸರೋಯ್ತದೆ."

ತೇಜು ಎಳೆದ. ಹೊಂಬಾಳ ಬಿಡಲಿಲ್ಲ. ಬಸ್ಸಿನ ಬಾಗಿಲಿಗೆ ಅಲಮಾರಿ ನೂಕಿದ ಕೈ ಅದು, ಕೆಂಪುಗೂದಲಿಗೆ ಬಗ್ಗುತ್ತಾ? ಗಂಡು ಹೆಣ್ಣಿಗೆ ಧಾರೆ ಎರೀವಾಗ ಕೈ ಹಿಡಿದ ಹಾಗೆ ಇಬ್ಬರೂ ಲೈಟಿನ ಕೆಳಗೆ ನಿಂತಿದ್ದರು. ಆಟೋದೋರು ಎದ್ದು ಕುಣಿದರು. "ಅಕ್ಷತೆ ತನ್ರೋ! ಓಲಗ ಊದ್ರೋ!" ಅಂತ ಕೂಗಿದ್ದೇ ಕೂಗಿದ್ದು. ಗೊರ ಗೊರ ನಿಂತಿತ್ತು. ಸಾಕಮ್ಮನ ಬೇಸೊಂದೇ ಗುಂ ಗುಂ ಅಂತ ಸ್ಟ್ಯಾಂಡ್ ತುಂಬ ಕೇಳಿಸ್ತಿತ್ತು, ಪೆಟ್ಟಿಗೇಲಿ ಯಾವ ದೋಷನೂ ಇಲ್ಲ ಅಂತ ಈಗ ಕಿವಿ ಇದ್ದೋರಿಗೆಲ್ಲ ಗೊತ್ತಾಯ್ತು.

ಚೆಲುವರಾಜು ಪಂಚೆ ಎತ್ಕೊಂಡು ಓಡಿ ಬಂದ. "ಸಾಕಮ್ಮೋರೆ, ಮಾನ ಹೋಗ್ತಾ ಐತೆ! ನಿಮ್ಮ ಮಗಂಗೆ ಬಿಡೋಕೆ ಹೇಳ್ರಿ! ನೀವು ಹೇಳಿದ್ರೆ ಮಾತ್ರ ಕೇಳ್ತಾನಂತೆ!"

ಹೊಂಬಾಳ ಅವ್ವನ ಮುಖ ನೋಡಿದ. "ಬುಟ್ಬುಡ್ಲಾ ಅವ್ವ?"

ಸಾಕಮ್ಮ ಬಯ್ಯೋಕೆ ಬಾಯಿ ತೆರೆದಳು. ಪೆದ್ದ, ಬೇಕೂಫ, ಮನೆ ಹಾಳ, ಅಷ್ಟೂ ಮಾತು ನಾಲಿಗೆ ತುದೀಗೆ ಬಂದು ನಿಂತಿದ್ವು. ಚೆಲುವರಾಜುವಿನ ಬೆವರು ನೋಡಿದಳು. ಆ ಎಡಗೈ ನೋಡಿದಳು. ಅದನ್ನ ಎರಡೂ ಕೈಲಿ ಹಿಡಿದು, ಉಸಿರು ಬಿಗಿ ಹಿಡಿದು ನಿಂತ ಮಗನ್ನ ನೋಡಿದಳು.

"ಒಣಗೋಗಂಟ ಬುಡಬ್ಯಾಡ ಕಣ್ಲಾ ನನ್ನ ಕಂದಾ!" ಅಂದವಳೇ ಮುಂದಿನ ಹಾಡಿಗೆ ತಂತಿ ಮೀಟಿದಳು.